ಬಿಸಿಲಿನಲ್ಲಿ ಟ್ರೇಲರ್ ಟೈರು: ಗಾಳಿ ಇಳಿಸಬೇಕೆ, ಉಳಿಸಬೇಕೆ?

ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ, ರಾಯಚೂರು, ಬಳ್ಳಾರಿ ಭಾಗಗಳಲ್ಲಿ ಹಗಲಿನ ತಾಪ 40° ಸೆ. ದಾಟುವುದು ಸಾಮಾನ್ಯ. ಅದೇ ಬಿಸಿಲಿನಲ್ಲಿ ಸಿಮೆಂಟು, ಸುಣ್ಣಕಲ್ಲು, ಕಬ್ಬಿಣದ ಅದಿರು ಹೊತ್ತ ಉದ್ದನೆಯ ಟ್ರೇಲರ್‌ಗಳು ಹೆದ್ದಾರಿಯಲ್ಲಿ ಸಾಗುತ್ತಿರುತ್ತವೆ. ರಸ್ತೆಯ ಅಂಚಿನಲ್ಲಿ ಟೈರಿನಿಂದ ಕಿತ್ತುಬಂದ ರಬ್ಬರಿನ ಪಟ್ಟಿಗಳು ಬಿದ್ದಿರುವುದನ್ನು ನೀವೂ ನೋಡಿರಬಹುದು. ಹೀಗೆ ಟೈರು ಸಿಡಿದಾಗ ಅಪಾಯ ಚಾಲಕನಿಗೆ ಮಾತ್ರವಲ್ಲ, ಹಿಂದೆ ಬರುವ ಬೈಕು, ಬಸ್ಸುಗಳಿಗೂ ತಪ್ಪಿದ್ದಲ್ಲ.

ಈ ಅಪಾಯಕ್ಕೆ ಹಲವರು ಹೇಳುವ ಪರಿಹಾರ ಒಂದೇ: "ಬಿಸಿಲಿಗೆ ಗಾಳಿ ಹಿಗ್ಗುತ್ತದೆ, ಒತ್ತಡ ಏರಿ ಟೈರು ಒಡೆಯುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಸ್ವಲ್ಪ ಗಾಳಿ ಕಡಿಮೆ ಇರಲಿ." ಮೇಲ್ನೋಟಕ್ಕೆ ಇದು ಪ್ರೌಢಶಾಲೆಯ ವಿಜ್ಞಾನಕ್ಕೆ ಸರಿಹೊಂದುವ ಮಾತಿನಂತೆ ಕಾಣುತ್ತದೆ. ಇದರ ಮೊದಲ ಭಾಗ ನಿಜವೂ ಹೌದು. ಆದರೆ ಅದರಿಂದ ತೆಗೆದ ತೀರ್ಮಾನ ತಪ್ಪು ಮಾತ್ರವಲ್ಲ, ಅಪಾಯಕಾರಿ ಕೂಡ. ಏಕೆಂಬುದನ್ನು ಲೆಕ್ಕ ಹಾಕಿಯೇ ನೋಡೋಣ.

ಅನಿಲ ನಿಯಮ ಏನು ಹೇಳುತ್ತದೆ?

ಅನಿಲದ ಗಾತ್ರ ಬದಲಾಗದಿದ್ದರೆ ಅದರ ಒತ್ತಡ ನಿರಪೇಕ್ಷ ತಾಪಕ್ಕೆ ಅನುಪಾತದಲ್ಲಿರುತ್ತದೆ. ಪಠ್ಯಪುಸ್ತಕಗಳಲ್ಲಿ ಇದು ಗೇ-ಲುಸಾಕ್ ನಿಯಮ ಅಥವಾ ಒತ್ತಡ ನಿಯಮ ಎಂಬ ಹೆಸರಿನಲ್ಲಿ ಬರುತ್ತದೆ. ಉಕ್ಕಿನ ತಂತಿಗಳಿರುವ ಟೈರು ಹೆಚ್ಚು ಹಿಗ್ಗುವುದಿಲ್ಲವಾದ್ದರಿಂದ ಈ ನಿಯಮವನ್ನು ಅದಕ್ಕೆ ಧಾರಾಳವಾಗಿ ಅನ್ವಯಿಸಬಹುದು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಒಂದು, ತಾಪವನ್ನು ಸೆಲ್ಸಿಯಸ್‌ನಲ್ಲಿ ಅಲ್ಲ, ಕೆಲ್ವಿನ್‌ನಲ್ಲಿ ತೆಗೆದುಕೊಳ್ಳಬೇಕು. ಎರಡು, ಗಾಳಿಯಂಗಡಿಯ ಮಾಪಕ ತೋರಿಸುವುದು ವಾಯುಮಂಡಲದ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ಇದು ಮಾಪಕ ಒತ್ತಡ. ಇದಕ್ಕೆ ವಾಯುಮಂಡಲದ ಒತ್ತಡ ಕೂಡಿಸಿದರೆ ನಿರಪೇಕ್ಷ ಒತ್ತಡ ದೊರೆಯುತ್ತದೆ. ಉತ್ತರ ಕರ್ನಾಟಕದ ಬಯಲಿನಲ್ಲಿ ವಾಯುಮಂಡಲದ ಒತ್ತಡ ಸುಮಾರು 14 ಪಿ.ಎಸ್.ಐ. (ಚದರ ಅಂಗುಲಕ್ಕೆ 14 ಪೌಂಡು) ಎಂದಿಟ್ಟುಕೊಳ್ಳೋಣ. ಒಂದು ಪಿ.ಎಸ್.ಐ. ಎಂದರೆ ಸುಮಾರು 6.9 ಕಿಲೊಪಾಸ್ಕಲ್.

ಬೆಳಗಿನ ಜಾವ 27° ಸೆ. ತಾಪದಲ್ಲಿ, ಅಂದರೆ 300 ಕೆಲ್ವಿನ್‌ನಲ್ಲಿ, ಟ್ರೇಲರ್ ಟೈರಿಗೆ 110 ಪಿ.ಎಸ್.ಐ. ಗಾಳಿ ತುಂಬಿಸಿದ್ದೇವೆ. ನಿರಪೇಕ್ಷ ಒತ್ತಡ 110 + 14 = 124. ಮಧ್ಯಾಹ್ನ ನಿಂತಲ್ಲೇ ವಾಹನದ ಟೈರು 42° ಸೆ.ಗೆ (315 ಕೆಲ್ವಿನ್) ಬಿಸಿಯಾಯಿತು. ಆಗ ನಿರಪೇಕ್ಷ ಒತ್ತಡ 124 × 315 ÷ 300 = 130. ಮಾಪಕ ತೋರುವುದು 116. ಅಂದರೆ ಬಿಸಿಲೊಂದರಿಂದಲೇ ಆದ ಏರಿಕೆ ಕೇವಲ 6 ಪಿ.ಎಸ್.ಐ.

ಈಗ ವಾಹನ ಹೊರೆ ಹೊತ್ತು ಎರಡು ಗಂಟೆ ಓಡಿ, ಟೈರಿನೊಳಗಿನ ಗಾಳಿ 77° ಸೆ. (350 ಕೆಲ್ವಿನ್) ಮುಟ್ಟಿತು ಎನ್ನಿ. 124 × 350 ÷ 300 ಎಂದರೆ ಸುಮಾರು 145. ಮಾಪಕ ಒತ್ತಡ 131. ಏರಿಕೆ ಸುಮಾರು 20 ಪಿ.ಎಸ್.ಐ.

ವಿದ್ಯಾರ್ಥಿಯೊಬ್ಬ ಕೆಲ್ವಿನ್ ಮರೆತು 110 × 77 ÷ 27 ಎಂದು ಲೆಕ್ಕ ಹಾಕಿದರೆ 314 ಪಿ.ಎಸ್.ಐ. ಬರುತ್ತದೆ! 'ಬಿಸಿಲಿಗೆ ಗಾಳಿ ಹಿಗ್ಗಿ ಟೈರು ಒಡೆಯುತ್ತದೆ' ಎನ್ನುವವರ ಮನಸ್ಸಿನಲ್ಲಿರುವುದು ಬಹುಶಃ ಇಂಥದೇ ಲೆಕ್ಕ. ವಾಸ್ತವದಲ್ಲಿ ಸುಸ್ಥಿತಿಯಲ್ಲಿರುವ ಟೈರನ್ನು ಬಳಕೆಯ ಒತ್ತಡದ ಹಲವು ಪಟ್ಟು ತಾಳುವಂತೆ ಕಟ್ಟಿರುತ್ತಾರೆ. ಓಡುವಾಗ ಒತ್ತಡ ಏರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ತಯಾರಕರು ತಣ್ಣನೆಯ ಟೈರಿನ ಒತ್ತಡವನ್ನು ಸೂಚಿಸುತ್ತಾರೆ. 20 ಪಿ.ಎಸ್.ಐ. ಏರಿಕೆಯಿಂದ ಅದು ಒಡೆಯುವುದಿಲ್ಲ. ಹಾಗಾದರೆ ಒಡೆಯುವುದು ಯಾವುದರಿಂದ?

ಟೈರಿಗೆ ಬಿಸಿ ಎಲ್ಲಿಂದ?

ಮೇಲಿನ ಉದಾಹರಣೆಯನ್ನು ಇನ್ನೊಮ್ಮೆ ನೋಡಿ. ಹೊರಗಿನ ತಾಪ 42 ಡಿಗ್ರಿ, ಒಳಗಿನದು 77 ಡಿಗ್ರಿ. ನಡುವಣ 35 ಡಿಗ್ರಿ ಬಿಸಿಲಿನದಲ್ಲ. ಅದು ಬಹುಮಟ್ಟಿಗೆ ಟೈರು ತಾನೇ ಉತ್ಪಾದಿಸಿಕೊಂಡದ್ದು.

ರಬ್ಬರ್ ಚೆಂಡನ್ನು ಒಂದು ಮೀಟರ್ ಎತ್ತರದಿಂದ ಬಿಟ್ಟರೆ ಅದು ಅಷ್ಟೇ ಎತ್ತರಕ್ಕೆ ಪುಟಿಯುವುದಿಲ್ಲ. 60 ಸೆಂ.ಮೀ. ಪುಟಿಯಿತೆನ್ನಿ. ಉಳಿದ ಶಕ್ತಿ ಎಲ್ಲಿ ಹೋಯಿತು? ನೆಲಕ್ಕೆ ತಾಗಿ ಅಮುಕಿದ ಚೆಂಡು ಮತ್ತೆ ಮೊದಲಿನ ಆಕಾರಕ್ಕೆ ಬರುವಾಗ, ರಬ್ಬರಿನ ಉದ್ದನೆಯ ಅಣುಸರಪಣಿಗಳು ಒಂದಕ್ಕೊಂದು ಉಜ್ಜಿ, ಆ ಶಕ್ತಿಯ ಬಹುಪಾಲು ಉಷ್ಣವಾಗಿ ಬದಲಾಯಿತು. ಇದಕ್ಕೆ ಹಿಸ್ಟರಿಸಿಸ್ ನಷ್ಟ ಎಂದು ಹೆಸರು.

ಉರುಳುವ ಟೈರಿನಲ್ಲಿ ನಡೆಯುವುದೂ ಇದೇ. ನೆಲ ಮುಟ್ಟುವ ಭಾಗ ಚಪ್ಪಟೆಯಾಗುತ್ತದೆ, ಪಕ್ಕದ ಗೋಡೆ ಉಬ್ಬುತ್ತದೆ. ಮುಂದೆ ಸರಿದೊಡನೆ ಮತ್ತೆ ದುಂಡಾಗುತ್ತದೆ. ದೊಡ್ಡ ಟ್ರೇಲರ್ ಟೈರಿನ ಸುತ್ತಳತೆ ಸುಮಾರು 3.3 ಮೀಟರ್. ಕಿಲೊಮೀಟರಿಗೆ ಸುಮಾರು 300 ಸುತ್ತು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಟೈರಿನ ಪ್ರತಿಯೊಂದು ಭಾಗವೂ ಗಂಟೆಗೆ 18,000 ಸಲ ಮಡಿಸಿ ಬಿಚ್ಚಿಕೊಳ್ಳುತ್ತದೆ. ಪ್ರತಿ ಮಡಿಕೆಗೂ ಒಂದಿಷ್ಟು ಉಷ್ಣ. ರಬ್ಬರು ಉಷ್ಣದ ಅಧಮ ವಾಹಕವಾದ್ದರಿಂದ ಆ ಉಷ್ಣ ಬೇಗ ಹೊರಬರುವುದಿಲ್ಲ. ರಬ್ಬರು ದಪ್ಪವಾಗಿರುವ ಕಡೆ, ಅಂದರೆ ಉಕ್ಕಿನ ತಂತಿಪಟ್ಟಿಗಳ ಅಂಚಿನಲ್ಲಿ, ಅದು ಶೇಖರವಾಗುತ್ತದೆ.

ಟೈರು ಎಷ್ಟು ಮಡಿಯುತ್ತದೆ ಎಂಬುದನ್ನು ನಿರ್ಧರಿಸುವುದು ಹೊರೆ ಮತ್ತು ಗಾಳಿಯ ಒತ್ತಡ. ಟೈರಿನ ಮೇಲೆ 2,500 ಕಿ.ಗ್ರಾಂ. ಭಾರವಿದೆ ಎನ್ನಿ. 110 ಪಿ.ಎಸ್.ಐ. ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 7.7 ಕಿ.ಗ್ರಾಂ. ಭಾರ. ಆದ್ದರಿಂದ ನೆಲಕ್ಕೆ ತಾಗುವ ಜಾಗ ಸುಮಾರು 325 ಚ.ಸೆಂ.ಮೀ. ಒತ್ತಡ 80 ಪಿ.ಎಸ್.ಐ.ಗೆ ಇಳಿದರೆ ಈ ಜಾಗ ಸುಮಾರು 445 ಚ.ಸೆಂ.ಮೀ. ಆಗುತ್ತದೆ. ಟೈರಿನ ಗೋಡೆ ಹೊರುವ ಅಲ್ಪ ಭಾರವನ್ನು ಇಲ್ಲಿ ಬಿಟ್ಟಿದ್ದೇವೆ. ತಾಗುವ ಜಾಗ ಹಿಗ್ಗಿತೆಂದರೆ ಮಡಿಕೆ ಆಳವಾಯಿತೆಂದೇ ಅರ್ಥ. ಮಡಿಕೆ ಹೆಚ್ಚಿದಷ್ಟೂ ಉಷ್ಣ ಹೆಚ್ಚು.

ಒಳಪದರಗಳ ತಾಪ 100 ಡಿಗ್ರಿ ದಾಟಿ ಮೇಲೇರತೊಡಗಿದರೆ ರಬ್ಬರಿನ ಬಲ ಕುಗ್ಗುತ್ತದೆ. ಉಕ್ಕಿನ ತಂತಿಗಳಿಗೆ ರಬ್ಬರು ಹಿಡಿದುಕೊಳ್ಳಲೆಂದೇ ಹಿತ್ತಾಳೆಯ ಲೇಪ ಕೊಟ್ಟಿರುತ್ತಾರೆ. ಆ ಹಿಡಿತ ಸಡಿಲುತ್ತದೆ. ಪದರಗಳು ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ. ಕೊನೆಗೆ ಮೇಲ್ಪಟ್ಟಿ ಕಿತ್ತುಹೋಗುತ್ತದೆ ಅಥವಾ ಗೋಡೆ ಸೀಳುತ್ತದೆ. ನಮಗೆ ಕೇಳಿಸುವ ಸದ್ದು ಗಾಳಿಯದಾದರೂ ಸೋತದ್ದು ರಬ್ಬರು.

ತಾನೇ ಹಾಕಿಕೊಳ್ಳುವ ಕಡಿವಾಣ

ಬಿಸಿಲಿನ ಪಾತ್ರ ಹಾಗಾದರೆ ಏನೂ ಇಲ್ಲವೆ? ಇದೆ. ಟೈರು ತನ್ನ ಉಷ್ಣವನ್ನು ಸುತ್ತಲಿನ ಗಾಳಿಗೆ ಕೊಟ್ಟು ತಣಿಯುತ್ತದೆ. ಸುತ್ತಲಿನ ಗಾಳಿ 15 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ, ಅಷ್ಟೇ ಉಷ್ಣ ಕಳೆದುಕೊಳ್ಳಲು ಟೈರೂ ಹೆಚ್ಚುಕಡಿಮೆ 15 ಡಿಗ್ರಿ ಹೆಚ್ಚು ಬಿಸಿಯಾಗಬೇಕು. ಜೊತೆಗೆ ಕಾದ ಡಾಂಬರಿನ ಸ್ಪರ್ಶ ಬೇರೆ. ಅಂದರೆ ಟೈರಿಗಿರುವ ಸುರಕ್ಷತೆಯ ಅಂತರದಲ್ಲಿ ಒಂದು ಭಾಗವನ್ನು ಬೇಸಿಗೆ ಮೊದಲೇ ತಿಂದುಬಿಡುತ್ತದೆ. ಮಿಕ್ಕದ್ದನ್ನು ತಿನ್ನುವುದು ಕಡಿಮೆ ಗಾಳಿ, ಅತಿಭಾರ ಮತ್ತು ಅತಿವೇಗ.

ಇಲ್ಲಿ ಒಂದು ಸೊಗಸಾದ ಸಂಗತಿಯಿದೆ. ಟೈರು ಬಿಸಿಯಾದಂತೆ ಒತ್ತಡ ಏರುತ್ತದೆ. ಒತ್ತಡ ಏರಿದಂತೆ ಮಡಿಕೆ ತಗ್ಗುತ್ತದೆ. ಮಡಿಕೆ ತಗ್ಗಿದಂತೆ ಉಷ್ಣದ ಉತ್ಪಾದನೆ ಇಳಿಯುತ್ತದೆ. ಹೀಗಾಗಿ ಒಂದು ಹಂತದಲ್ಲಿ ತಾಪ ಸ್ಥಿರವಾಗಿ ನಿಲ್ಲುತ್ತದೆ. ಒತ್ತಡದ ಏರಿಕೆ ಟೈರು ತನಗೆ ತಾನೇ ಹಾಕಿಕೊಳ್ಳುವ ಕಡಿವಾಣ.

ಚಾಲಕ ಡಾಬಾ ಬಳಿ ನಿಲ್ಲಿಸಿ, 131 ತೋರಿದ ಬಿಸಿ ಟೈರಿನ ಗಾಳಿಯನ್ನು 110ಕ್ಕೆ ಇಳಿಸಿದ ಎನ್ನಿ. ಈ ಕಡಿವಾಣವನ್ನು ಅವನೇ ಕಳಚಿದಂತಾಯಿತು. ಟೈರು ಮತ್ತೆ 27 ಡಿಗ್ರಿಗೆ ತಣಿದಾಗ ಒತ್ತಡ ಎಷ್ಟು? 124 × 300 ÷ 350 ಎಂದರೆ ನಿರಪೇಕ್ಷ ಒತ್ತಡ 106, ಮಾಪಕ ಒತ್ತಡ ಕೇವಲ 92. ಸೂಚಿತ ಒತ್ತಡಕ್ಕಿಂತ ಶೇಕಡಾ 20ರಷ್ಟು ಕಡಿಮೆ ಗಾಳಿಯಲ್ಲಿ ಓಡಿದ ಟೈರನ್ನು 'ಗಾಳಿಯಿಲ್ಲದೆ ಓಡಿದ ಟೈರು' ಎಂದೇ ಪರಿಗಣಿಸಬೇಕೆಂಬುದು ಟೈರು ಉದ್ಯಮದ ರೂಢಿ. 110ಕ್ಕೆ ಆ ಮಿತಿ 88. ನಮ್ಮ ಚಾಲಕ ಅದರ ಅಂಚಿಗೇ ಬಂದಿದ್ದಾನೆ.

ಬಿಸಿ ಟೈರಿನ ಅಳತೆ ನಂಬಬಹುದೆ?

ಇನ್ನೊಂದು ಮೋಸವೂ ಇದೆ. ಒಂದು ಟೈರಿನಲ್ಲಿ ಸಣ್ಣ ಸೋರಿಕೆಯಿಂದಾಗಿ ಬೆಳಿಗ್ಗೆಯೇ 95 ಪಿ.ಎಸ್.ಐ. ಮಾತ್ರ ಇತ್ತು. ಕಡಿಮೆ ಗಾಳಿಯಿಂದಾಗಿ ಅದು ಇತರ ಟೈರುಗಳಿಗಿಂತ ಹೆಚ್ಚು ಬಿಸಿಯಾಗಿ 87° ಸೆ. (360 ಕೆಲ್ವಿನ್) ಮುಟ್ಟಿತು. 109 × 360 ÷ 300 = 131; ಮಾಪಕದಲ್ಲಿ 117! ದಾರಿಯಲ್ಲಿ ಅಳೆದವನಿಗೆ ಈ ಟೈರಿನಲ್ಲಿ ಗಾಳಿ ಹೆಚ್ಚಾಗಿಯೇ ಇದೆ ಎನಿಸುತ್ತದೆ. ಅವನು ಅದರಿಂದಲೂ ಗಾಳಿ ಬಿಟ್ಟರೆ? ರೋಗಿಗೆ ರಕ್ತ ಕೊಡುವ ಬದಲು ತೆಗೆದಂತೆ.

ಆದ್ದರಿಂದ ನಂಬಬಹುದಾದದ್ದು ತಣ್ಣನೆಯ ಟೈರಿನ ಅಳತೆ ಮಾತ್ರ. ತಣ್ಣನೆಯ ಟೈರು ಎಂದರೆ ಕನಿಷ್ಠ ಮೂರು ಗಂಟೆ ನೆರಳಿನಲ್ಲಿ ನಿಂತದ್ದು. ಬೆಳಿಗ್ಗೆ ಹೊರಡುವ ಮುನ್ನ ಅಳೆಯುವುದು ಎಲ್ಲಕ್ಕಿಂತ ಒಳ್ಳೆಯದು.

ಟ್ರೇಲರಿಗೇ ಏಕೆ ಹೆಚ್ಚು ಅಪಾಯ?

ಎಂಜಿನ್ನಿರುವ ವಾಹನದ ಮುಂದಿನ ಟೈರಿನಲ್ಲಿ ಗಾಳಿ ಇಳಿದರೆ ಸ್ಟಿಯರಿಂಗ್ ಒಂದು ಬದಿಗೆ ಎಳೆಯುತ್ತದೆ, ಚಾಲಕನಿಗೆ ಗೊತ್ತಾಗುತ್ತದೆ. ಹತ್ತು ಮೀಟರು ಹಿಂದಿರುವ ಟ್ರೇಲರಿನ ಟೈರು ಹಾಗೆ ಸುದ್ದಿ ಕೊಡುವುದಿಲ್ಲ. ಕ್ಯಾಬಿನ್ನಿನಲ್ಲಿ ಕುಳಿತವನಿಗೆ ಹೊಗೆ ಕಂಡಾಗಲೇ ತಿಳಿಯುವುದು.

ಟ್ರೇಲರಿನ ಅಚ್ಚುಗಳಲ್ಲಿ ಸಾಮಾನ್ಯವಾಗಿ ಪ್ರತಿ ಬದಿಗೆ ಎರಡೆರಡು ಟೈರುಗಳು ಜೋಡಿಯಾಗಿರುತ್ತವೆ. ಒಂದರಲ್ಲಿ ಗಾಳಿ ಇಳಿದರೆ ಭಾರವೆಲ್ಲ ಜೊತೆಗಾರನ ಮೇಲೆ ಬೀಳುತ್ತದೆ. ಹೊರಗಿನಿಂದ ನೋಡಿದರೆ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಒಳಗಿನ ಟೈರಿಗೆ ಬೀಸುವ ಗಾಳಿ ಕಡಿಮೆ, ಬ್ರೇಕ್ ಡ್ರಮ್ಮಿನ ಬಿಸಿ ಹತ್ತಿರ, ವಾಲ್ವ್ ಕೈಗೆಟುಕುವುದಿಲ್ಲ. ಹೀಗಾಗಿ ಹೆಚ್ಚು ಬಿಸಿಯಾಗುವ ಟೈರನ್ನೇ ಅತಿ ಕಡಿಮೆ ಸಲ ಪರೀಕ್ಷಿಸಲಾಗುತ್ತದೆ. ಕ್ಲೀನರ್ ರಾಡಿನಿಂದ ಬಡಿದು ಸದ್ದು ಕೇಳುವುದುಂಟು. ಪೂರ್ತಿ ಇಳಿದ ಟೈರು ಇದರಿಂದ ಪತ್ತೆಯಾಗಬಹುದು; 110 ಮತ್ತು 85ರ ನಡುವಣ ವ್ಯತ್ಯಾಸವನ್ನು ಕಿವಿ ಹೇಳಲಾರದು.

ಮೂರು ಅಚ್ಚುಗಳ ಟ್ರೇಲರ್ ತಿರುವಿನಲ್ಲಿ ಹೊರಳುವಾಗ ಹಿಂದಿನ ಚಕ್ರಗಳು ತಿರುಗಿ ದಾರಿ ಮಾಡಿಕೊಳ್ಳಲಾರವು. ಟೈರುಗಳು ನೆಲದ ಮೇಲೆ ಅಡ್ಡಲಾಗಿ ಉಜ್ಜುತ್ತವೆ. ಗೋಡೆಗಳಿಗೆ ಬೀಳುವ ಈ ಎಳೆತವೂ ಟೈರನ್ನು ದಣಿಸುತ್ತದೆ.

ಟ್ರ್ಯಾಕ್ಟರಿನ ಟ್ರೇಲರಿನದು ಬೇರೆ ಕಥೆ. ಬೆಳಗಾವಿ, ಬಾಗಲಕೋಟೆ, ಮಂಡ್ಯ ಜಿಲ್ಲೆಗಳಲ್ಲಿ ಕಬ್ಬಿನ ಹಂಗಾಮು ಮುಗಿದ ಮೇಲೆ ಎಷ್ಟೋ ಟ್ರೇಲರ್‌ಗಳು ತಿಂಗಳುಗಟ್ಟಲೆ ಬಯಲಿನಲ್ಲಿ ನಿಂತಿರುತ್ತವೆ. ಬಿಸಿಲು ಮತ್ತು ಗಾಳಿಯಲ್ಲಿನ ಓಜೋನ್‌ನಿಂದ ರಬ್ಬರಿನಲ್ಲಿ ಸಣ್ಣ ಬಿರುಕುಗಳು ಮೂಡುತ್ತವೆ. ಗಾಳಿ ಮೆಲ್ಲನೆ ಸೋರುತ್ತದೆ. ಮದುವೆಗೋ ಜಾತ್ರೆಗೋ ಕೂಲಿ ಕೆಲಸಕ್ಕೋ ಅದೇ ಟ್ರೇಲರಿನಲ್ಲಿ ಜನ ಕುಳಿತು ಹೊರಡುತ್ತಾರೆ. ಸರಕಿನ ಟ್ರೇಲರಿನಲ್ಲಿ ಜನರನ್ನು ಸಾಗಿಸುವುದೇ ನಿಯಮಬಾಹಿರ. ಹಳೆಯ ಟೈರು, ಕಡಿಮೆ ಗಾಳಿ, ಮೇ ತಿಂಗಳ ಬಿಸಿಲು ಒಟ್ಟಾದರೆ ಅದು ಪ್ರಾಣದ ಪ್ರಶ್ನೆ.

ಅಮೆರಿಕ ಕಲಿತ ಪಾಠ

ಬಿಸಿಲು ಮತ್ತು ಕಡಿಮೆ ಗಾಳಿಯ ಜೋಡಿ ಎಂಥದೆಂಬುದನ್ನು ಜಗತ್ತು ಗಮನಿಸಿದ್ದು 2000ನೆಯ ಇಸವಿಯಲ್ಲಿ. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಿಗೆ ಹಾಕಿದ್ದ ಫೈರ್‌ಸ್ಟೋನ್ ಟೈರುಗಳ ಮೇಲ್ಪಟ್ಟಿ ಕಿತ್ತು, ವಾಹನಗಳು ಮಗುಚಿ, ನೂರಾರು ಜನ ಸತ್ತರು. ಆ ವರ್ಷದ ಆಗಸ್ಟ್‌ನಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಪಡೆಯಲಾಯಿತು. ಅವಘಡಗಳು ಹೆಚ್ಚಾಗಿ ನಡೆದದ್ದು ಅರಿಜೋನಾ, ಟೆಕ್ಸಾಸ್, ಫ್ಲಾರಿಡಾ, ಕ್ಯಾಲಿಫೋರ್ನಿಯಾಗಳಂಥ ಬಿಸಿಲಿನ ರಾಜ್ಯಗಳಲ್ಲಿ. ಟೈರಿನ ವಿನ್ಯಾಸ ಮತ್ತು ತಯಾರಿಕೆಯಲ್ಲಿ ದೋಷಗಳಿದ್ದವು. ಅದರ ಜೊತೆಗೆ, ವಾಹನಕ್ಕೆ ಸೂಚಿಸಿದ್ದ 26 ಪಿ.ಎಸ್.ಐ. ಒತ್ತಡ ತೀರಾ ಕಡಿಮೆಯೆಂಬ ವಾದವೂ ಎದ್ದಿತು.

ಅದೇ ವರ್ಷ ಬಂದ ಕಾಯಿದೆಯ ಫಲವಾಗಿ, 2007ರ ಸೆಪ್ಟೆಂಬರ್‌ನಿಂದ ಅಲ್ಲಿನ ಎಲ್ಲ ಹೊಸ ಕಾರುಗಳಲ್ಲಿ ಟೈರಿನ ಒತ್ತಡ ನಿಗಾ ವ್ಯವಸ್ಥೆ ಕಡ್ಡಾಯವಾಯಿತು. ಆದರೆ ಆ ನಿಯಮ ಟ್ರೇಲರ್‌ಗಳನ್ನು ಒಳಗೊಂಡಿರಲಿಲ್ಲ. ಯುರೋಪಿನ ಒಕ್ಕೂಟ 2024ರ ಜುಲೈನಿಂದ ಹೊಸ ಲಾರಿ, ಬಸ್ಸುಗಳ ಜೊತೆಗೆ ಭಾರೀ ಟ್ರೇಲರ್‌ಗಳಿಗೂ ಇದನ್ನು ಕಡ್ಡಾಯ ಮಾಡಿತು. ಭಾರತದಲ್ಲಿ 2020ರ ತಿದ್ದುಪಡಿಯ ಪ್ರಕಾರ, 3.5 ಟನ್‌ವರೆಗಿನ ಪ್ರಯಾಣಿಕ ವಾಹನಗಳಲ್ಲಿ ಟ್ಯೂಬ್‌ಲೆಸ್ ಟೈರು, ದುರಸ್ತಿ ಕಿಟ್ಟು ಮತ್ತು ಈ ವ್ಯವಸ್ಥೆ ಇದ್ದರೆ ಸ್ಟೆಪ್ನಿ ಇಲ್ಲದಿದ್ದರೂ ನಡೆಯುತ್ತದೆ.

ನಿಗಾ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ?

ನೇರ ವಿಧಾನದಲ್ಲಿ ಪ್ರತಿ ಚಕ್ರಕ್ಕೂ ಒಂದು ಪುಟ್ಟ ಸಂವೇದಕ. ಅದನ್ನು ವಾಲ್ವಿನ ತುದಿಗೆ ತಿರುಪಬಹುದು ಅಥವಾ ರಿಮ್ಮಿನ ಒಳಗೆ ಕೂರಿಸಬಹುದು. ಅದರೊಳಗೆ ಸಿಲಿಕಾನಿನ ತೆಳು ಪೊರೆಯಿದೆ. ಗಾಳಿಯ ಒತ್ತಡಕ್ಕೆ ಪೊರೆ ಬಾಗಿದಾಗ ಅದರ ಮೇಲಿನ ರೋಧಕಗಳ ವಿದ್ಯುತ್ ರೋಧ ಬದಲಾಗುತ್ತದೆ. ಈ ಬದಲಾವಣೆಯನ್ನು ಒತ್ತಡದ ಅಂಕಿಯಾಗಿ ಮಾರ್ಪಡಿಸಿ, ತಾಪದ ಅಂಕಿಯನ್ನೂ ಸೇರಿಸಿ, ರೇಡಿಯೋ ಸಂಕೇತವಾಗಿ ಕ್ಯಾಬಿನ್ನಿಗೆ ಕಳಿಸಲಾಗುತ್ತದೆ. ಉದ್ದನೆಯ ಟ್ರೇಲರಿನಲ್ಲಿ ಸಂಕೇತ ಮುಂದಿನವರೆಗೆ ತಲುಪಲು ನಡುವೆ ಒಂದು ಮರುಪ್ರಸಾರಕ ಬೇಕಾಗಬಹುದು. ಪರೋಕ್ಷ ವಿಧಾನದಲ್ಲಿ ಸಂವೇದಕ ಟೈರಿನೊಳಗಿರುವುದಿಲ್ಲ. ಗಾಳಿ ಇಳಿದ ಟೈರಿನ ತ್ರಿಜ್ಯ ಕುಗ್ಗಿ ಅದು ತುಸು ವೇಗವಾಗಿ ಸುತ್ತುವುದನ್ನು ಬ್ರೇಕ್ ವ್ಯವಸ್ಥೆಯ ವೇಗಮಾಪಕಗಳೇ ಪತ್ತೆಮಾಡುತ್ತವೆ.

ತಾಪದ ಅಂಕಿ ಬಹಳ ಉಪಯುಕ್ತ. ಹನ್ನೊಂದು ಟೈರುಗಳು 70 ಡಿಗ್ರಿಯ ಆಸುಪಾಸಿನಲ್ಲಿದ್ದು ಒಂದು ಮಾತ್ರ 90 ತೋರಿದರೆ, ಅಲ್ಲಿ ಗಾಳಿ ಕಡಿಮೆಯಿದೆ, ಅಥವಾ ಬ್ರೇಕ್ ಹಿಡಿದುಕೊಂಡಿದೆ, ಅಥವಾ ಬೇರಿಂಗ್ ಕೆಟ್ಟಿದೆ ಎಂದರ್ಥ. ಉಪಕರಣವಿಲ್ಲದವರಿಗೆ ಒಳ್ಳೆಯ ಮಾಪಕವೊಂದೇ ಸಾಕು, ದಿನಾ ಬಳಸಿದರೆ.

ನೈಟ್ರೋಜನ್ ತುಂಬಿಸಿದರೆ?

ಗಾಳಿಯಲ್ಲಿ ಈಗಾಗಲೇ ಶೇ. 78ರಷ್ಟು ನೈಟ್ರೋಜನ್ ಇದೆ. ಒತ್ತಡ ನಿಯಮ ನೈಟ್ರೋಜನ್‌ಗೂ ಗಾಳಿಗೂ ಒಂದೇ. ಒಣ ನೈಟ್ರೋಜನ್‌ನಲ್ಲಿ ತೇವಾಂಶ ಇರುವುದಿಲ್ಲ, ಸೋರಿಕೆಯೂ ಸ್ವಲ್ಪ ನಿಧಾನ. ಆದರೆ ಉಷ್ಣ ಹುಟ್ಟುವುದು ರಬ್ಬರಿನಲ್ಲಿ. ನೈಟ್ರೋಜನ್ ತುಂಬಿಸಿದ ಮಾತ್ರಕ್ಕೆ ತಪಾಸಣೆ ತಪ್ಪಿಸಿಕೊಳ್ಳುವಂತಿಲ್ಲ.

ಪಂಕ್ಚರ್ ಅಂಗಡಿಯ ಅಪಾಯ

ಕಡಿಮೆ ಗಾಳಿಯಲ್ಲಿ ಓಡಿದ ಟೈರಿನ ಗೋಡೆಯಲ್ಲಿರುವ ಉಕ್ಕಿನ ತಂತಿಗಳು ಮಡಿದು ಮಡಿದು ದಣಿದಿರುತ್ತವೆ. ಹೊರಗೆ ಗುರುತೇ ಇರುವುದಿಲ್ಲ. ಮತ್ತೆ ಗಾಳಿ ತುಂಬುವಾಗ ತಂತಿಗಳು ಒಂದಾದ ಮೇಲೊಂದು ಕಡಿದು ಗೋಡೆ ಸೀಳಿಬಿಡಬಹುದು. ಎದುರು ಕುಳಿತ ಕೆಲಸಗಾರನ ಜೀವಕ್ಕೆ ಇದು ಕುತ್ತು. ಅಂಥ ಟೈರನ್ನು ಬಿಚ್ಚಿ ಒಳಗೆಲ್ಲ ಪರೀಕ್ಷಿಸಬೇಕು; ಕಬ್ಬಿಣದ ಪಂಜರದೊಳಗಿಟ್ಟು, ಉದ್ದನೆಯ ಕೊಳವೆಯಿಂದ, ಪಕ್ಕಕ್ಕೆ ಸರಿದು ನಿಂತು ಗಾಳಿ ತುಂಬಬೇಕು.

ತರಗತಿಯಲ್ಲಿ ಮಾಡಿ ನೋಡಿ

ಸೈಕಲ್ ಟೈರೊಂದಕ್ಕೆ ಬೆಳಿಗ್ಗೆ ನೆರಳಿನಲ್ಲಿ 40 ಪಿ.ಎಸ್.ಐ. ಗಾಳಿ ತುಂಬಿ, ಆಗಿನ ತಾಪ ಬರೆದಿಡಿ. ಅದನ್ನು ಎರಡು ಗಂಟೆ ಬಿಸಿಲಿನಲ್ಲಿಟ್ಟು, ಟೈರಿಗೆ ಒತ್ತಿ ಹಿಡಿದ ತಾಪಮಾಪಕದಿಂದ ತಾಪ ಅಳೆಯಿರಿ. ಒತ್ತಡ ಎಷ್ಟಿರಬೇಕೆಂದು ಮೊದಲು ಲೆಕ್ಕ ಹಾಕಿ, ಅನಂತರ ಮಾಪಕ ಹಚ್ಚಿ. 27 ಡಿಗ್ರಿಯಿಂದ 57ಕ್ಕೆ ಏರಿದ್ದರೆ ನಿಯಮದ ಪ್ರಕಾರ ಸುಮಾರು 45 ಬರಬೇಕು. ಮಾಪಕ ಹಚ್ಚುವಾಗಲೇ ಸ್ವಲ್ಪ ಗಾಳಿ ಹೋಗುತ್ತದೆ, ಟೈರು ತುಸು ಹಿಗ್ಗುತ್ತದೆ. ಈ ದೋಷಗಳನ್ನು ಮಕ್ಕಳೇ ಗುರುತಿಸಲಿ.

ಇನ್ನೊಂದು ಪ್ರಶ್ನೆ: ಸುಮಾರು 920 ಮೀ. ಎತ್ತರದ ಬೆಂಗಳೂರಿನಲ್ಲಿ ಗಾಳಿ ತುಂಬಿದ ಟ್ರೇಲರ್ ಸುಮಾರು 450 ಮೀ. ಎತ್ತರದ ಕಲಬುರಗಿಗೆ ಬಂದರೆ, ತಾಪ ಅದೇ ಇದ್ದಲ್ಲಿ, ಮಾಪಕದ ಅಂಕಿ ಏರುತ್ತದೆಯೆ, ಇಳಿಯುತ್ತದೆಯೆ? ಉತ್ತರ: ಇಳಿಯುತ್ತದೆ, ಆದರೆ ಒಂದು ಪಿ.ಎಸ್.ಐ.ಗೂ ಕಡಿಮೆ. ಕಾರಣವನ್ನು ವಿದ್ಯಾರ್ಥಿಗಳು ಹೇಳಬಲ್ಲರು.

ಚಾಲಕರಿಗೆ ತಿಳಿಸಬೇಕಾದದ್ದು

1. ಹೊರೆಗೆ ತಕ್ಕಂತೆ ತಯಾರಕರು ಸೂಚಿಸಿದ ಒತ್ತಡವನ್ನು ಬೆಳಿಗ್ಗೆ, ತಣ್ಣನೆಯ ಟೈರಿನಲ್ಲಿ ಅಳೆಯಿರಿ. ಒಳಗಿನ ಟೈರು ಮತ್ತು ಸ್ಟೆಪ್ನಿಯನ್ನು ಮರೆಯಬೇಡಿ.
2. ದಾರಿಯಲ್ಲಿ ಬಿಸಿ ಟೈರಿನ ಗಾಳಿ ಎಂದೂ ಇಳಿಸಬೇಡಿ. ಒತ್ತಡ ವಿಪರೀತ ಏರಿದೆ ಎನಿಸಿದರೆ ನೆರಳಿನಲ್ಲಿ ನಿಲ್ಲಿಸಿ ತಣಿಯಲು ಬಿಡಿ. ಹೊರೆ, ವೇಗ, ಬ್ರೇಕ್ ಪರಿಶೀಲಿಸಿ.
3. ಟೈರಿನ ಗೋಡೆಯ ಮೇಲಿನ ನಾಲ್ಕಂಕಿಯ ಸಂಖ್ಯೆ ನೋಡಿ. 1823 ಎಂದಿದ್ದರೆ 2023ರ 18ನೆಯ ವಾರದಲ್ಲಿ ತಯಾರಾದದ್ದು. ಬಿರುಕು, ಉಬ್ಬು ಇದ್ದರೆ ಬದಲಿಸಿ. ಮೇಲ್ಪಟ್ಟಿಯ ಗಾಡಿಯ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು.
4. ಟೈರು ಸಿಡಿದರೆ ಥಟ್ಟನೆ ಬ್ರೇಕ್ ತುಳಿಯಬೇಡಿ. ಸ್ಟಿಯರಿಂಗ್ ನೇರ ಹಿಡಿದು, ಆಕ್ಸಿಲರೇಟರ್ ಮೆಲ್ಲನೆ ಬಿಟ್ಟು, ವೇಗ ತಗ್ಗಿದ ಮೇಲೆ ಬದಿಗೆ ತನ್ನಿ.

ಪ್ರೌಢಶಾಲೆಯ ಮಕ್ಕಳಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಟ್ರ್ಯಾಕ್ಟರಿದೆ. ಕೆಲವರ ತಂದೆ, ಅಣ್ಣಂದಿರು ಲಾರಿ ನಡೆಸುತ್ತಾರೆ. ಒತ್ತಡ ನಿಯಮದ ಪಾಠ ಮುಗಿದ ದಿನ ಮಕ್ಕಳು ಮನೆಗೆ ಹೋಗಿ, "ಬೇಸಿಗೆಯಲ್ಲಿ ಗಾಳಿ ಇಳಿಸಬೇಡಿ, ಬೆಳಿಗ್ಗೆ ಅಳೆದು ನೋಡಿ" ಎಂದು ಲೆಕ್ಕ ಸಮೇತ ಹೇಳಬಲ್ಲವರಾದರೆ ಆ ಪಾಠ ಸಾರ್ಥಕ.